ಸ್ವಂತ ಮುಖ, ಪರರ ಚಿತ್ರ: ಪುಷ್ಪಮಾಲಾ ಎನ್. ಅವರ ಕಲೆ ಆತ್ಮಕಥೆಯೆ?

ಕಲಾವಿದರೊಬ್ಬರು ತಮ್ಮ ದೇಹವನ್ನೇ ಮಾಧ್ಯಮವನ್ನಾಗಿ ಮಾಡಿಕೊಂಡರೆ ಅವರ ಕೃತಿ ಕೊನೆಗೂ ಅವರನ್ನು ಕುರಿತದ್ದೇ ಆಗಿರುತ್ತದೆ ಎಂಬ ನಂಬಿಕೆ ಸಮಕಾಲೀನ ಕಲಾವಿಮರ್ಶೆಯಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದರೆ, ಅದನ್ನು ವಾದಿಸಿ ಸ್ಥಾಪಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಾಕಿದ ವೇಷ ಯಾವುದೇ ಇರಲಿ, ಆಡಿದ ಪಾತ್ರ ಯಾವುದೇ ಇರಲಿ, ಅದರ ಹಿಂದೆ ತನ್ನತನದ ಹುಡುಕಾಟವಿದೆ ಎಂದುಬಿಟ್ಟರೆ ವಿಮರ್ಶೆಯ ಕೆಲಸ ಮುಗಿಯಿತು ಎಂಬಂತಾಗಿದೆ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿತು, ಸುಟ್ಟ ಮಣ್ಣಿನ ಶಿಲ್ಪಗಳಿಂದ ಹೆಸರಾಗಿ, 1986ರ ಭಾರತ ತ್ರೈವಾರ್ಷಿಕ ಕಲಾಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದು, ಆ ಬಳಿಕ 1990ರ ದಶಕದ ನಡುವಿನಲ್ಲಿ ಕ್ಯಾಮೆರಾದ ಮುಂದೆ ತಾವೇ ನಿಲ್ಲತೊಡಗಿದ ಪುಷ್ಪಮಾಲಾ ಎನ್. ಅವರ ವಿಷಯದಲ್ಲಿ ಈ ನಂಬಿಕೆ ಇನ್ನಷ್ಟು ಸಲೀಸಾಗಿ ಚಲಾವಣೆಯಾಗುತ್ತದೆ. ಮುಖವಾಡ ತೊಟ್ಟ ಸಾಹಸಿ, ಕನಸು ಕಾಣುವ ಗೃಹಿಣಿ, ರವಿವರ್ಮನ ನಾಯಿಕೆ, ಭಾರತಮಾತೆ, ಕೊನೆಗೆ ವಾಸ್ಕೋ ಡ ಗಾಮ, ಇಷ್ಟೂ ಪಾತ್ರಗಳಲ್ಲಿ ಕಾಣುವುದು ಅದೇ ಒಂದು ಮುಖವಾದ್ದರಿಂದ ಇದು ವೇಷಗಳ ಮೂಲಕ ಬರೆದ ಆತ್ಮಕಥೆ ಎಂಬ ತೀರ್ಮಾನ ತಾನಾಗಿಯೇ ಮೂಡುತ್ತದೆ. ಬಗೆಬಗೆಯ ವೇಷಗಳಲ್ಲಿ ತಮ್ಮನ್ನೇ ಫೋಟೋ ತೆಗೆದುಕೊಂಡ ಅಮೆರಿಕದ ಕಲಾವಿದೆಯನ್ನು ನೆನೆದು ಕೊಟ್ಟ ‘ಭಾರತದ ಸಿಂಡಿ ಶರ್ಮನ್’ ಎಂಬ ಬಿರುದು ಅದೇ ತೀರ್ಮಾನದ ಸಂಕ್ಷಿಪ್ತ ರೂಪ. ಈ ಓದು ಸಹಾನುಭೂತಿಯಿಂದ ಕೂಡಿದ್ದು, ಕಲಾವಿದೆಯ ಮೇಲಿನ ಮೆಚ್ಚುಗೆಯಿಂದಲೇ ಹುಟ್ಟಿದ್ದು. ಆದರೂ ಅದು ಗೊಂದಲದ ಓದು, ಮತ್ತು ಆ ಗೊಂದಲ ಕೃತಿಗಳಲ್ಲಿ ಎದ್ದುಕಾಣುವ ಸಂಗತಿಗಳನ್ನೇ ಮರೆಮಾಡುತ್ತದೆ.

ನಂಬಿಕೆಗೆ ನ್ಯಾಯ ಸಲ್ಲಿಸಬೇಕಾದರೆ ಅದು ಬಂದ ದಾರಿಯನ್ನು ಮೊದಲು ನೋಡಬೇಕು. ಪರ್ಫಾರ್ಮೆನ್ಸ್ ಕಲೆ, ಅಂದರೆ ಕಲಾವಿದರು ವಸ್ತುವೊಂದನ್ನು ತಯಾರಿಸಿಡುವ ಬದಲು ತಮ್ಮ ದೇಹದ ಕ್ರಿಯೆಯನ್ನೇ ಕೃತಿಯಾಗಿ ಮುಂದಿಡುವ ಪ್ರಕಾರ, 1970ರ ದಶಕದ ಅಮೆರಿಕ ಮತ್ತು ಯುರೋಪಿನಲ್ಲಿ ಗಟ್ಟಿಯಾದಾಗ ಅದರ ಹೆಮ್ಮೆಯೇ ‘ಇಲ್ಲಿ ನಟನೆಯಿಲ್ಲ’ ಎಂಬುದಾಗಿತ್ತು. 1971ರಲ್ಲಿ ಕ್ರಿಸ್ ಬರ್ಡನ್ ತಮ್ಮ ತೋಳಿಗೆ ಗುಂಡು ಹೊಡೆಸಿಕೊಂಡರು. 1974ರಲ್ಲಿ ನೇಪಲ್ಸ್ ನಗರದಲ್ಲಿ ಮರೀನಾ ಅಬ್ರಮೋವಿಚ್ ಎಪ್ಪತ್ತೆರಡು ವಸ್ತುಗಳನ್ನು ಮೇಜಿನ ಮೇಲಿಟ್ಟು, ತಮ್ಮ ಮೈಮೇಲೆ ಅವುಗಳನ್ನು ಪ್ರೇಕ್ಷಕರು ಹೇಗೆ ಬೇಕಾದರೂ ಬಳಸಬಹುದೆಂದು ಹೇಳಿ ಆರು ಗಂಟೆ ನಿಂತರು. ಅಲ್ಲಿ ಗಾಯವಾದದ್ದು ಪಾತ್ರಕ್ಕಲ್ಲ, ವ್ಯಕ್ತಿಗೆ. ಆ ಸಂದರ್ಭದಲ್ಲಿ ದೇಹವೂ ವ್ಯಕ್ತಿಯೂ ಒಂದೇ ಎಂಬ ಮಾತಿಗೆ ಪೂರ್ತಿ ಅರ್ಥವಿದೆ. ಅದೇ ಕಾಲದ ಸ್ತ್ರೀವಾದಿ ಚಿಂತನೆ ಖಾಸಗಿ ಬದುಕನ್ನು ರಾಜಕೀಯದ ಪ್ರಶ್ನೆಯನ್ನಾಗಿ ಮಾಡಿತು, ಹೆಣ್ಣು ತನ್ನ ಅನುಭವವನ್ನು ತಾನೇ ಹೇಳಿಕೊಳ್ಳುವುದನ್ನು ಹಕ್ಕೆಂದು ಸಾರಿತು. ಶಿಲ್ಪವನ್ನು ಬಿಟ್ಟು ಸ್ವಂತ ದೇಹದ ಕಡೆ ತಿರುಗಿದ ಭಾರತದ ಕಲಾವಿದೆಯೊಬ್ಬರನ್ನು ಈ ಎರಡು ಎಳೆಗಳ ಮೂಲಕ ನೋಡುವುದು ಸಹಜವೇ. ತಪ್ಪಿರುವುದು ಬರ್ಡನ್, ಅಬ್ರಮೋವಿಚ್ ಅವರಂಥವರ ಕೆಲಸಕ್ಕೆ ಸಲ್ಲುವ ನಿಯಮವನ್ನು ದೇಹ ಬಳಸುವ ಎಲ್ಲ ಕಲೆಗೂ ಅನ್ವಯಿಸುವ ಅವಸರದಲ್ಲಿ.

ಅವಸರದ ಮೊದಲ ಫಲವೆಂದರೆ ಸಾಮಗ್ರಿ ಮತ್ತು ವಿಷಯ ಒಂದರೊಳಗೊಂದು ಕಲಸಿಹೋಗುವುದು. ಕೃತಿ ಯಾವುದರಿಂದ ಆಗಿದೆ ಎಂಬುದು ಒಂದು ಪ್ರಶ್ನೆ, ಅದು ಯಾವುದನ್ನು ಕುರಿತಿದೆ ಎಂಬುದು ಇನ್ನೊಂದು. ದಾದಾಸಾಹೇಬ್ ಫಾಲ್ಕೆಯವರ ‘ಲಂಕಾ ದಹನ’ (1917) ಚಿತ್ರದಲ್ಲಿ ಅಣ್ಣಾ ಸಾಳುಂಕೆ ಎಂಬ ನಟ ರಾಮನಾಗಿಯೂ ಸೀತೆಯಾಗಿಯೂ ಕಾಣಿಸಿಕೊಂಡರು. ಅದನ್ನು ಸಾಳುಂಕೆಯವರ ಅಂತರಂಗದ ದ್ವಂದ್ವವೆಂದು ಓದುವ ಸಾಹಸಕ್ಕೆ ಯಾವ ಇತಿಹಾಸಕಾರನೂ ಕೈಹಾಕಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ಸ್ತ್ರೀವೇಷಧಾರಿಯೊಬ್ಬ ಒಂದು ರಾತ್ರಿ ದ್ರೌಪದಿಯಾಗಿ ಮರುರಾತ್ರಿ ಮೋಹಿನಿಯಾಗಿ ರಂಗಕ್ಕೆ ಬಂದರೆ, ಪ್ರೇಕ್ಷಕರು ಅಳೆಯುವುದು ಹೆಜ್ಜೆ, ಅರ್ಥಗಾರಿಕೆ, ಪಾತ್ರದ ಔಚಿತ್ಯ ಇವುಗಳನ್ನು; ಕಲಾವಿದನ ಆತ್ಮಶೋಧನೆಯನ್ನು ಅಳೆಯುವ ಕೋಲು ಅವರ ಬಳಿ ಇಲ್ಲ, ಬೇಕಾಗಿಯೂ ಇಲ್ಲ. ದೇಹವನ್ನು ಸಾಮಗ್ರಿಯಾಗಿ ನೋಡುವ ಪಳಗಿದ ಕಣ್ಣು ಈ ನಾಡಿಗೆ ಹೊಸದೇನಲ್ಲ. ಆದರೂ ಅದೇ ಪ್ರೇಕ್ಷಕ ಆರ್ಟ್ ಗ್ಯಾಲರಿಯ ಬಾಗಿಲು ದಾಟಿದೊಡನೆ ಆ ಕಣ್ಣನ್ನು ಹೊರಗೆ ಬಿಟ್ಟು ಬರುವುದು ಸ್ವಲ್ಪ ವಿಚಿತ್ರ.

ಇದಕ್ಕೆ ತಕ್ಷಣ ಬರುವ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಂಗಭೂಮಿಯ ನಟನಿಗೆ ಪಾತ್ರವನ್ನು ಬೇರೆ ಯಾರೋ ಕೊಡುತ್ತಾರೆ, ಪ್ರಸಂಗವನ್ನು ಬೇರೆ ಯಾರೋ ಬರೆದಿರುತ್ತಾರೆ. ಪರ್ಫಾರ್ಮೆನ್ಸ್ ಕಲಾವಿದೆ ತನ್ನ ಪಾತ್ರವನ್ನು ತಾನೇ ಆರಿಸಿಕೊಳ್ಳುತ್ತಾಳೆ, ಆದ್ದರಿಂದ ಆಯ್ಕೆಯಲ್ಲಿ ಅವಳಿದ್ದಾಳೆ ಎಂಬುದು ಆ ಆಕ್ಷೇಪ. ಆಯ್ಕೆಯಲ್ಲಿ ಕಲಾವಿದೆ ಇದ್ದಾರೆ ಎಂಬುದು ನಿಜ, ಆದರೆ ಯಾವ ಅರ್ಥದಲ್ಲಿ ಎಂದು ಕೇಳಬೇಕಾಗುತ್ತದೆ. ಶಾಸನತಜ್ಞರೊಬ್ಬರು ಬಾದಾಮಿಯ ಶಾಸನಗಳನ್ನು ಬಿಟ್ಟು ವೀರಗಲ್ಲುಗಳನ್ನೇ ಜೀವನವಿಡೀ ಓದಿದರೆ ಆ ಆಯ್ಕೆ ಅವರ ಆಸಕ್ತಿಯನ್ನು, ರಾಜಕೀಯ ನಿಲುವನ್ನು, ಬಹುಶಃ ಸ್ವಭಾವವನ್ನೂ ಹೇಳಬಹುದು. ಅಷ್ಟರಿಂದ ವೀರಗಲ್ಲಿನ ಮೇಲಿನ ವೀರ ಅವರೇ ಆಗಿಬಿಡುವುದಿಲ್ಲ. ಆಸಕ್ತಿ ಬೇರೆ, ಗುರುತು ಬೇರೆ. ಆತ್ಮಕಥೆಯ ಓದು ಇವೆರಡನ್ನು ಸದ್ದಿಲ್ಲದೆ ಅದಲುಬದಲು ಮಾಡಿಬಿಡುತ್ತದೆ.

ಪುಷ್ಪಮಾಲಾ ಅವರ ಆಯ್ಕೆಗಳನ್ನೇ ಹತ್ತಿರದಿಂದ ನೋಡಿದರೆ ಅವು ಯಾವುದರ ಕಡೆ ಬೆರಳು ಮಾಡುತ್ತವೆಂಬುದು ಸ್ಪಷ್ಟವಾಗುತ್ತದೆ. ಬೆಂಗಳೂರಿನಲ್ಲಿ ನೆಲೆಸಿರುವ ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆಗೂಡಿ 2000ದಿಂದ 2004ರವರೆಗೆ ಮಾಡಿದ ‘ದಕ್ಷಿಣ ಭಾರತದ ಸ್ಥಳೀಯ ಸ್ತ್ರೀಯರು: ನಡೆನುಡಿ ಮತ್ತು ಆಚಾರಗಳು’ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆಯ ಯೋಜನೆ ಇದಕ್ಕೆ ಅತ್ಯುತ್ತಮ ಸಾಕ್ಷ್ಯ. ಶೀರ್ಷಿಕೆಯ ಧಾಟಿ ವಸಾಹತು ಕಾಲದ ಜನಾಂಗವಿವರಣೆಯದು, ಅಂದರೆ ಒಂದು ಪ್ರದೇಶದ ಜನರನ್ನು ಜಾತಿ, ಬುಡಕಟ್ಟು, ಮೈಕಟ್ಟು, ಉಡುಗೆಗಳ ಪ್ರಕಾರ ವಿಂಗಡಿಸಿ ದಾಖಲಿಸುವ ಶಾಸ್ತ್ರದ್ದು. ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗುಗಳ ಅಗಲವನ್ನು ಕ್ಯಾಲಿಪರ್ ಎಂಬ ಇಕ್ಕಳದಂಥ ಉಪಕರಣದಿಂದ ಅಳೆದು, 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು ಹೊರತಂದರು. ಮೈಸೂರು ಸಂಸ್ಥಾನಕ್ಕೆ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಅದೇ ಬಗೆಯ ಸಂಪುಟಗಳು ಮುಂದೆ ಬಂದವು. ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಮಾರಿಸ್ ವಿಡಾಲ್ ಪೋರ್ಟ್‌ಮನ್ 1890ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಚೌಕಗಳನ್ನು ಎಣಿಸಿದರೆ ಮನುಷ್ಯನ ಅಳತೆ ಸಿಗುತ್ತದೆ ಎಂಬುದು ಪರದೆಯ ಉದ್ದೇಶ. ಪುಷ್ಪಮಾಲಾ ಅವರ ಯೋಜನೆಯಲ್ಲಿ ಈ ಬಗೆಯ ಅಳತೆಯ ಚಿತ್ರವೊಂದು ನೀಲಗಿರಿಯ ತೋಡ ಹೆಂಗಸಿನ ಚಿತ್ರವಾಗಿ ಮರುಹುಟ್ಟು ಪಡೆಯುತ್ತದೆ. ಅದರ ಪಕ್ಕದಲ್ಲಿ ರವಿವರ್ಮನ ಬೆಳದಿಂಗಳ ಹೆಂಗಸು, ಮುದ್ರಿತ ಪಟದ ಲಕ್ಷ್ಮಿ, ಬಿಜಾಪುರದ ಆದಿಲ್‌ಶಾಹಿ ಕಾಲದ ಸೂಕ್ಷ್ಮಚಿತ್ರದಿಂದ ಎದ್ದುಬಂದ ಯೋಗಿನಿ, ವೇಲಾಂಗಣ್ಣಿಯ ಮಾತೆ, ಚಾಟಿ ಹಿಡಿದ ತಮಿಳು ಸಿನಿಮಾ ನಾಯಕಿ, ಪತ್ರಿಕೆಯ ಅಪರಾಧ ಸುದ್ದಿಯ ಫೋಟೋದಲ್ಲಿ ಸಿಕ್ಕಿಬಿದ್ದು ನಿಂತ ಹೆಂಗಸರು ಇದ್ದಾರೆ. ಮೂಲದಲ್ಲಿ ಎಣ್ಣೆಬಣ್ಣ, ಕಲ್ಲಚ್ಚು, ಸೂಕ್ಷ್ಮಚಿತ್ರದ ಕುಂಚ, ಸ್ಟುಡಿಯೋ ಕ್ಯಾಮೆರಾ, ಪತ್ರಿಕೆಯ ಕ್ಯಾಮೆರಾ ಹೀಗೆ ಬೇರೆಬೇರೆ ಕೈಗಳಿಂದ ಹುಟ್ಟಿದ ಚಿತ್ರಗಳು ಇವು.

ಯೋಜನೆಯ ಕಟ್ಟಡ ಇಷ್ಟಕ್ಕೇ ನಿಲ್ಲುವುದಿಲ್ಲ, ಮತ್ತು ಆತ್ಮಕಥೆಯ ಓದು ಎಡವುವುದು ಇಲ್ಲಿಯೇ. ಈ ಪಾತ್ರಗಳನ್ನು ಪ್ರತ್ಯೇಕ ಸರಣಿಯೊಂದರಲ್ಲಿ ಚೌಕಳಿ ಪರದೆಯ ಮುಂದೆ ಮತ್ತೆ ನಿಲ್ಲಿಸಲಾಗಿದೆ. ತೋಡ ಹೆಂಗಸಿನ ಜೊತೆಗೆ ದೇವಿಗೂ ಅಳತೆ, ಸಂತಮಾತೆಗೂ ಅಳತೆ. ಪೂಜಾಗೃಹದ ಗೋಡೆಯ ಮೇಲಿನ ಪಟವನ್ನು ಮಾನವಮಾಪನದ ಕಡತಕ್ಕೆ ಸೇರಿಸಿದೊಡನೆ ಎರಡೂ ಚಿತ್ರಪ್ರಕಾರಗಳು ಒಂದನ್ನೊಂದು ಪ್ರಶ್ನಿಸತೊಡಗುತ್ತವೆ: ಅಧಿಕಾರಿಯ ಕ್ಯಾಮೆರಾ ‘ಇದು ಮಾದರಿ’ ಎಂದದ್ದೂ, ರವಿವರ್ಮನ ಅಚ್ಚುಕೂಟ ‘ಇದು ಆದರ್ಶ’ ಎಂದದ್ದೂ ಹೆಣ್ಣನ್ನು ಒಂದು ಭಂಗಿಯಲ್ಲಿ ಕಟ್ಟಿನಿಲ್ಲಿಸುವ ಕೆಲಸವನ್ನೇ ಮಾಡಿದವಲ್ಲವೆ? ಮತ್ತೊಂದು ಸರಣಿ ಚಿತ್ರೀಕರಣದ ಪ್ರಕ್ರಿಯೆಯನ್ನೇ ತೋರಿಸುತ್ತದೆ. ಪರದೆ, ದೀಪ, ಮೇಕಪ್, ಸಹಾಯಕರು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆತ್ಮಕಥೆ ಬರೆಯಲು ಹೊರಟವರು ಮರೆಮಾಡಬೇಕಾದ್ದನ್ನೆಲ್ಲ ಇಲ್ಲಿ ಎದುರಿಗೇ ಇಡಲಾಗಿದೆ. ಲಕ್ಷ್ಮಿಯ ಚಿತ್ರವನ್ನೇ ತೆಗೆದುಕೊಂಡರೆ, ಕ್ಯಾನ್ವಾಸಿನ ಮೇಲೆ ನಾಲ್ಕು ಕೈ ಬರೆಯುವುದಕ್ಕೆ ಬಣ್ಣ ಸಾಕು, ಆದರೆ ಸ್ಟುಡಿಯೋದಲ್ಲಿ ನಿಂತ ಹೆಂಗಸಿಗಿರುವುದು ಎರಡೇ ಕೈ; ಪಟದ ದೇವಿ ತಾವರೆಯ ಮೇಲೆ ಹಗುರವಾಗಿ ನಿಂತರೆ ಸ್ಟುಡಿಯೋದ ತಾವರೆ ಮನುಷ್ಯರ ತೂಕ ಹೊರಬೇಕು. ಚಿತ್ರಕಾರ ಸುಲಭವಾಗಿ ದಾಟಿಕೊಂಡ ಒಂದೊಂದು ಅಡ್ಡಿಯನ್ನೂ ಮರುಸೃಷ್ಟಿಸುವವರು ಹೊಲಿದು, ಅಂಟಿಸಿ, ಮೊಳೆ ಹೊಡೆದು ಎದುರಿಸಬೇಕಾಗುತ್ತದೆ. ಹಾಗೆ ಎದುರಿಸಿದಾಗಲೇ ಆದರ್ಶರೂಪವೊಂದು ಎಷ್ಟು ಶ್ರಮದಿಂದ, ಎಷ್ಟು ಅಸಹಜತೆಯಿಂದ ಕಟ್ಟಿದ್ದು ಎಂಬುದು ತಿಳಿಯುವುದು. ಇದು ಶಿಲ್ಪಿಯ ಪ್ರಶ್ನೆ. ಶಿಲ್ಪವನ್ನು ಬಿಟ್ಟು ದೇಹಕ್ಕೆ ಬಂದರು ಎಂಬ ಜೀವನಚರಿತ್ರೆಯ ಮಾತು ಅರ್ಧಸತ್ಯ. ತೂಕ, ಆಧಾರ, ಭಂಗಿ, ಮೇಲ್ಮೈ ಎಂಬ ಶಿಲ್ಪದ ಚಿಂತೆಗಳು ಸುಟ್ಟ ಮಣ್ಣಿನಿಂದ ಫೋಟೋಗೆ ಹಾಗೆಯೇ ದಾಟಿ ಬಂದಿವೆ.

ಹಾಗಾದರೆ ಸ್ವಂತ ದೇಹವೇ ಏಕೆ? ರೂಪದರ್ಶಿಯೊಬ್ಬಳನ್ನು ಕರೆದು ನಿಲ್ಲಿಸಿದ್ದರೂ ಚಿತ್ರಗಳ ಬಗೆಗಿನ ಈ ವಿಚಾರಣೆ ನಡೆಯುತ್ತಿತ್ತಲ್ಲ ಎಂಬ ಪ್ರಶ್ನೆ ಆತ್ಮಕಥೆಯ ಪಕ್ಷದ ಅತ್ಯಂತ ಬಲವಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕೊಡದೆ ಮುಂದುವರಿಯುವಂತಿಲ್ಲ. ರೂಪದರ್ಶಿ ಬಂದಿದ್ದರೆ ಕೃತಿ ಕಳೆದುಕೊಳ್ಳುತ್ತಿದ್ದುದು ಇವನ್ನು:

1. ಹೋಲಿಕೆಯ ಆಧಾರ. ಹತ್ತು ಪಾತ್ರಗಳಿಗೆ ಹತ್ತು ಹೆಂಗಸರು ನಿಂತಿದ್ದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮುಖದಿಂದ ಬಂದದ್ದೋ ಚಿತ್ರಪ್ರಕಾರದಿಂದ ಬಂದದ್ದೋ ಹೇಳಲಾಗುತ್ತಿರಲಿಲ್ಲ. ಮುಖ ಒಂದೇ ಆದಾಗ ಬದಲಾಗುವುದೆಲ್ಲ ಬೆಳಕಿನದು, ಚೌಕಟ್ಟಿನದು, ಉಡುಗೆಯದು, ನೋಡುವ ಅಧಿಕಾರದ್ದು ಎಂದು ಖಚಿತವಾಗಿ ಹೇಳಬಹುದು. ಪ್ರಯೋಗಾಲಯದಲ್ಲಿ ಒಂದನ್ನು ಸ್ಥಿರವಾಗಿಟ್ಟು ಉಳಿದವನ್ನು ಬದಲಿಸುವ ಕ್ರಮವೇ ಇದು. ಮುಖ ಪದೇಪದೇ ಬರುವುದು ಅದನ್ನೇ ನೋಡಬೇಕೆಂದಲ್ಲ, ಉಳಿದದ್ದು ಕಾಣಲೆಂದು.

2. ಹೊಣೆ. ಅಳತೆಯ ಪರದೆಯ ಮುಂದೆ ನಿಲ್ಲುವುದು ಒಂದು ಅವಮಾನದ ಮರುಕಳಿಕೆ. ಸಂಬಳ ಕೊಟ್ಟು ಇನ್ನೊಬ್ಬ ಹೆಂಗಸನ್ನು, ಅದರಲ್ಲೂ ಬುಡಕಟ್ಟಿನ ಹೆಂಗಸನ್ನು ಅಲ್ಲಿ ನಿಲ್ಲಿಸಿದ್ದರೆ ಪೋರ್ಟ್‌ಮನ್ ಮಾಡಿದ್ದನ್ನೇ ವಿಮರ್ಶೆಯ ಹೆಸರಿನಲ್ಲಿ ಇನ್ನೊಮ್ಮೆ ಮಾಡಿದಂತಾಗುತ್ತಿತ್ತು.

3. ಒಳಗಿನಿಂದ ಬರುವ ತಿಳಿವು. ಒಂದು ಭಂಗಿಯನ್ನು ಹೊರಗಿನಿಂದ ವರ್ಣಿಸುವುದಕ್ಕೂ ಅದನ್ನು ಹಿಡಿದು ನಿಲ್ಲುವುದಕ್ಕೂ ಅಂತರವಿದೆ. ನಾಯಿಕೆಯ ಕುತ್ತಿಗೆಯ ಬಾಗು ಎಷ್ಟು ಹೊತ್ತಿಗೆ ನೋವಾಗುತ್ತದೆ, ನಾಚಿಕೆಯ ನೋಟಕ್ಕೆ ಯಾವ ಸ್ನಾಯು ಬಿಗಿಯಬೇಕು ಎಂಬುದು ಮಾಡಿದವರಿಗಷ್ಟೇ ಗೊತ್ತಾಗುವ ಸಂಗತಿ.

ಇವುಗಳಲ್ಲಿ ಯಾವುದೂ ‘ಇದು ಕಲಾವಿದೆಯ ಬದುಕಿನ ಕಥೆ’ ಎಂಬ ತೀರ್ಮಾನವನ್ನು ಬೇಡುವುದಿಲ್ಲ. ಮೂರನೆಯದು ಮಾತ್ರ ಅನುಭವದ ಹತ್ತಿರ ಬರುತ್ತದೆ, ಅದೂ ಕಸುಬಿನ ಅನುಭವ.

ಸಿಂಡಿ ಶರ್ಮನ್ ಜೊತೆಗಿನ ಹೋಲಿಕೆಯನ್ನು ಈಗ ತೂಗಿ ನೋಡಬಹುದು. ಶರ್ಮನ್ 1977ರಿಂದ 1980ರವರೆಗೆ ತೆಗೆದ ಕಪ್ಪುಬಿಳುಪು ಸರಣಿಯಲ್ಲಿ ಅವರು ಸಿನಿಮಾದ ನಾಯಕಿಯರಂತೆ ಕಾಣಿಸಿಕೊಳ್ಳುತ್ತಾರೆ, ಆದರೆ ಆ ಸಿನಿಮಾಗಳು ಎಲ್ಲಿಯೂ ಇಲ್ಲ. ನೋಡುಗನಿಗೆ ಎಲ್ಲೋ ನೋಡಿದ ನೆನಪಾಗುತ್ತದೆ, ಹುಡುಕಿದರೆ ಮೂಲ ಸಿಗುವುದಿಲ್ಲ. ಪುಷ್ಪಮಾಲಾ ಅವರ ‘ಸ್ಥಳೀಯ ಸ್ತ್ರೀಯರು’ ಯೋಜನೆಯಲ್ಲಿ ಮೂಲ ಸಿಗುತ್ತದೆ, ಮೂಲದ ಕರ್ತೃವಿಗೆ ಹೆಸರಿದೆ ಅಥವಾ ಕಾಲದೇಶಗಳಿವೆ, ಮರುಸೃಷ್ಟಿಯನ್ನು ಮೂಲದ ಪಕ್ಕದಲ್ಲಿಟ್ಟು ಗೆರೆಗೆ ಗೆರೆ ಸರಿನೋಡಬಹುದು. ಶರ್ಮನ್ ಕೈಗೆತ್ತಿಕೊಳ್ಳುವುದು ಒಂದು ಬಗೆಯನ್ನು. ಪುಷ್ಪಮಾಲಾ ಒಂದು ನಿರ್ದಿಷ್ಟ ದಾಖಲೆಯನ್ನು. ಹಾಗೆ ನೋಡಿದರೆ ಪ್ರಸಿದ್ಧ ವರ್ಣಚಿತ್ರಗಳೊಳಗೆ ತಮ್ಮನ್ನು ಸೇರಿಸಿಕೊಂಡ ಜಪಾನಿನ ಯಸುಮಾಸ ಮೊರಿಮುರಾ ಇನ್ನೂ ಹತ್ತಿರದ ಹೋಲಿಕೆ. ಅವರಿಗಿಂತಲೂ ಹತ್ತಿರದಲ್ಲಿ, ಬರೋಡದಲ್ಲಿಯೇ, ಚಿತ್ರಕಾರ ಭೂಪೇನ್ ಖಾಖರ್ ಇದ್ದರು. 1972ರ ತಮ್ಮ ಪ್ರದರ್ಶನದ ಸೂಚಿಪುಸ್ತಕಕ್ಕಾಗಿ ಅವರು ಜೇಮ್ಸ್ ಬಾಂಡ್‌ನಂತೆ ಪೋಸು ಕೊಟ್ಟು ಫೋಟೋ ತೆಗೆಸಿಕೊಂಡಿದ್ದರು. ಇನ್ನು ಪುಷ್ಪಮಾಲಾ ಅವರ ಮೊದಲ ಫೋಟೋ-ಕಥೆ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’ (1996-98) ನೆನಪಿಸುವುದು 1935ರ ‘ಹಂಟರ್‌ವಾಲಿ’ಯಲ್ಲಿ ಚಾಟಿ ಬೀಸಿದ ಫಿಯರ್‌ಲೆಸ್ ನಾಡಿಯಾಳನ್ನು. ನಾಡಿಯಾ ಎಂಬ ಹೆಸರಿನ ಹಿಂದಿದ್ದವರು ಆಸ್ಟ್ರೇಲಿಯದಲ್ಲಿ ಹುಟ್ಟಿದ ಮೇರಿ ಇವಾನ್ಸ್. ಪರದೇಶದ ಹೆಂಗಸು ದೇಸಿ ಸಾಹಸಿಯಾಗಿ, ಅದನ್ನು ಬೆಂಗಳೂರಿನ ಶಿಲ್ಪಿ ಮುಂಬಯಿಯ ರಸ್ತೆಗಳಲ್ಲಿ ಮರಳಿ ಆಡಿದಾಗ, ಅಲ್ಲಿ ಯಾರ ‘ಸ್ವ’ ಪ್ರಕಟವಾಗುತ್ತದೆ ಎಂದು ಕೇಳುವುದೇ ನಗೆಪಾಟಲು. ಆ ಕಥೆಯಲ್ಲಿ ಅವರು ಅವಳಿ ಸಹೋದರಿಯರಿಬ್ಬರ ಪಾತ್ರವನ್ನೂ ತಾವೇ ಮಾಡಿದ್ದಾರೆ. ಹಿಂದಿ ಸಿನಿಮಾದ ಡಬಲ್ ರೋಲ್ ನೋಡಿ ಬೆಳೆದವರಿಗೆ ಇದಕ್ಕೆ ಮನೋವಿಶ್ಲೇಷಣೆಯ ವಿವರಣೆ ಬೇಕಾಗಿಲ್ಲ.

ಬೇರೊಂದು ದಿಕ್ಕಿನಿಂದ ಬರುವ ಆಕ್ಷೇಪ ಹಿಂದಿನವುಗಳಿಗಿಂತ ಕಠಿಣವಾದದ್ದು. ನಗರದ, ಇಂಗ್ಲಿಷ್ ಬಲ್ಲ, ಗ್ಯಾಲರಿಗಳ ಬೆಂಬಲವಿರುವ ಕಲಾವಿದೆಯೊಬ್ಬರು ತೋಡ ಹೆಂಗಸಿನ ಜಾಗದಲ್ಲಿ ನಿಂತಾಗ, ಅಲ್ಲಿ ನಿಜವಾಗಿ ನಿಲ್ಲಿಸಲ್ಪಟ್ಟಿದ್ದ ಹೆಂಗಸು ಎರಡನೆಯ ಬಾರಿ ಮರೆಯಾಗುವುದಿಲ್ಲವೆ? ಪರದೆಯ ಮುಂದೆ ನಿಂತು ಹೊರಗೆ ಬರುವ ಸ್ವಾತಂತ್ರ್ಯ ಕಲಾವಿದೆಗಿದೆ, ಮೂಲದ ಹೆಂಗಸಿಗೆ ಇರಲಿಲ್ಲ. ಈ ಆಕ್ಷೇಪದಲ್ಲಿ ಸತ್ಯವಿದೆ, ಮತ್ತು ಪುಷ್ಪಮಾಲಾ ಅವರ ಯೋಜನೆ ಅದನ್ನು ಪೂರ್ತಿಯಾಗಿ ಪರಿಹರಿಸಿಲ್ಲ ಎಂದೇ ಹೇಳಬೇಕು. ಆದರೆ ಗಮನಿಸಬೇಕಾದದ್ದು, ಆಕ್ಷೇಪ ಹರಿತವಾಗುವುದು ಆತ್ಮಕಥೆಯ ಓದನ್ನು ಒಪ್ಪಿಕೊಂಡಾಗ ಮಾತ್ರ. ‘ತೋಡ ಹೆಂಗಸಿನಲ್ಲಿ ತನ್ನನ್ನು ಕಂಡುಕೊಂಡಳು’ ಎಂದರೆ ಅದು ಪರರ ನೋವನ್ನು ತನ್ನದೆಂದು ಬರೆಸಿಕೊಂಡಂತೆ. ಅದಕ್ಕಿಂತ ದೊಡ್ಡ ಅಹಂಕಾರ ಇನ್ನೊಂದಿಲ್ಲ. ಚೌಕಳಿ ಪರದೆ ಮನುಷ್ಯರನ್ನು ಏನು ಮಾಡುತ್ತದೆ ಎಂದು ಪರೀಕ್ಷಿಸಲು ತಮ್ಮನ್ನು ಒಡ್ಡಿಕೊಂಡರು ಎಂದರೆ ಹಾಗೆ ಹಕ್ಕು ಸಾಧಿಸಿದಂತಾಗುವುದಿಲ್ಲ. ಮೆಚ್ಚಿಕೊಂಡು ಬರೆದ ಓದೇ ಕಲಾವಿದೆಯನ್ನು ಅತಿ ದುರ್ಬಲ ಸ್ಥಿತಿಗೆ ತಂದು ನಿಲ್ಲಿಸುತ್ತದೆ ಎಂಬುದು ಈ ವಿವಾದದ ವ್ಯಂಗ್ಯ.

ಚಲನಚಿತ್ರಗಳ ವಿಷಯಕ್ಕೆ ಬಂದಾಗ ಆತ್ಮಕಥೆಯ ಪಕ್ಷ ಚೇತರಿಸಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಅದಕ್ಕೆ ಎರಡು ಒಳ್ಳೆಯ ಪುರಾವೆಗಳಿವೆ. 2004ರ ‘ರಾಷ್ಟ್ರೀಯ ಖೀರ್ ಮತ್ತು ದೇಶೀಯ ಸಲಾಡ್’ ಎಂಬ ಕಿರುಚಿತ್ರಕ್ಕೆ ಮೂಲ ಕಲಾವಿದೆಯ ಕುಟುಂಬದ ಹಿರಿಯ ಹೆಂಗಸರ ಅಡುಗೆ ಟಿಪ್ಪಣಿ ಪುಸ್ತಕಗಳು. 2006ರ ‘ಪ್ಯಾರಿಸ್ ಆಟಮ್’ ಚಿತ್ರದಲ್ಲಿ ಅವರು ವಹಿಸಿರುವುದು ಪ್ಯಾರಿಸ್ಸಿಗೆ ಬಂದಿಳಿದ ಭಾರತೀಯ ಕಲಾವಿದೆಯ ಪಾತ್ರವನ್ನು, ಅಂದರೆ ತಮ್ಮದನ್ನೇ. ಮನೆಯ ಪುಸ್ತಕ, ಸ್ವಂತ ಪಾತ್ರ: ಇವಕ್ಕಿಂತ ನೇರವಾದ ಸಾಕ್ಷ್ಯ ಇನ್ನೇನು ಬೇಕು ಎಂದು ಕೇಳಬಹುದು. ಆದರೆ ಅಡುಗೆ ಪುಸ್ತಕದ ಚಿತ್ರ ತೋರಿಸುವುದು ಹೊಸದಾಗಿ ಸ್ವತಂತ್ರವಾದ ದೇಶ ತನ್ನ ಮಧ್ಯಮವರ್ಗದಿಂದ ನಿರೀಕ್ಷಿಸಿದ ಮಾದರಿ ಕುಟುಂಬವನ್ನು. ಖೀರು ರಾಷ್ಟ್ರೀಯವಾಗುವುದು, ಸಲಾಡು ದೇಶೀಯವಾಗುವುದು ಒಂದು ಕಾಲದ ಸಾರ್ವಜನಿಕ ಉತ್ಸಾಹ ಒಲೆಯ ಮುಂದೆಯೂ ಬಂದು ಕುಳಿತದ್ದರ ಗುರುತು. ಟಿಪ್ಪಣಿ ಪುಸ್ತಕ ಯಾರ ಮನೆಯ ಕಪಾಟಿನಿಂದ ಬಂತು ಎಂಬುದು ಅದು ದಾಖಲೆಯಾಗಿ ಏನನ್ನು ಹೇಳುತ್ತದೆ ಎಂಬುದನ್ನು ನಿರ್ಧರಿಸುವುದಿಲ್ಲ. 1950-60ರ ದಶಕದ ಎಷ್ಟೋ ಮನೆಗಳಲ್ಲಿ ಅಂಥ ಪುಸ್ತಕಗಳಿದ್ದವು. ಪ್ಯಾರಿಸ್ಸಿನ ಚಿತ್ರ ಇನ್ನೂ ಕುತೂಹಲಕರ. ಅದು ಸ್ಥಿರಚಿತ್ರಗಳನ್ನು ಒಂದರ ನಂತರ ಒಂದು ಜೋಡಿಸಿ ಕಟ್ಟಿದ ಸಿನಿಮಾ. 1962ರಲ್ಲಿ ಕ್ರಿಸ್ ಮಾರ್ಕರ್ ‘ಲಾ ಜೆಟೆ’ಯಲ್ಲಿ ತೋರಿಸಿಕೊಟ್ಟ ಕ್ರಮ. ಕಥೆ ಭೂತದ್ದು: ಕಲಾವಿದೆ ಉಳಿದುಕೊಂಡ ಮನೆಯಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯ ಪ್ರೇಯಸಿ ಗ್ಯಾಬ್ರಿಯೆಲ್ ದೆಸ್ತ್ರೆಯ ನೆರಳು ಸುಳಿಯುತ್ತದೆ. ಇಲ್ಲಿ ‘ಕಲಾವಿದೆ’ ಎಂಬುದೇ ಒಂದು ಚಿತ್ರಪ್ರಕಾರದ ಪಾತ್ರವಾಗಿದೆ. ಹಳೆಯ ಮನೆ, ಒಂಟಿ ಹೆಂಗಸು, ಅರ್ಧ ತಿಳಿದ ಇತಿಹಾಸ, ಬೆನ್ನಟ್ಟುವ ನೆರಳು ಇವೆಲ್ಲ ರೋಚಕ ಕಾದಂಬರಿಯ ಸಿದ್ಧ ಸಾಮಾನುಗಳು. ಆ ಸಾಮಾನುಗಳ ನಡುವೆ ತಮ್ಮ ಹೆಸರಿನ ವ್ಯಕ್ತಿಯನ್ನೂ ಒಂದು ಸಾಮಾನಾಗಿ ಇಟ್ಟವರು ಆತ್ಮವನ್ನು ಬಿಚ್ಚಿಡುತ್ತಿದ್ದಾರೆ ಎನ್ನುವುದಕ್ಕಿಂತ, ಸಮಕಾಲೀನ ಕಲಾವಿದೆ ಎಂಬ ವೇಷವನ್ನೂ ಪರೀಕ್ಷೆಗೆ ಒಡ್ಡುತ್ತಿದ್ದಾರೆ ಎನ್ನುವುದು ಹೆಚ್ಚು ಸರಿ. ಅತ್ಯಂತ ಖಾಸಗಿಯಾಗಿ ಕಾಣುವ ಚಿತ್ರವೇ ಹೀಗಿರುವಾಗ ಉಳಿದವುಗಳ ಮಾತು ಬೇರೆ ಹೇಳಬೇಕಿಲ್ಲ. 2014ರ ಕೊಚ್ಚಿ-ಮುಜಿರಿಸ್ ಬಿನಾಲೆಗಾಗಿ ಪೋರ್ಚುಗಲ್ಲಿನ ವೆಲೋಸೋ ಸಲ್ಗಾಡೋ 1898ರಲ್ಲಿ ಬರೆದ ವರ್ಣಚಿತ್ರವನ್ನು ಮರುಸೃಷ್ಟಿಸಿದಾಗ ಅವರು ವಹಿಸಿದ ಪಾತ್ರ ವಾಸ್ಕೋ ಡ ಗಾಮನದು. ಗಾಮ ಕಲ್ಲಿಕೋಟೆಗೆ ಬಂದು ನಾನೂರು ವರ್ಷವಾದ ಸಂದರ್ಭದ ಹೆಮ್ಮೆಯ ಚಿತ್ರವನ್ನು ಮಲಬಾರಿನ ತೀರದಲ್ಲಿಯೇ ನಾಟಕದ ಪರದೆಯಂತೆ ಕಟ್ಟಿ ತೋರಿಸಿದ ಕೃತಿಯನ್ನು ಆತ್ಮಶೋಧನೆಯ ಚೀಲಕ್ಕೆ ತುಂಬಲು ಸಾಕಷ್ಟು ಬಲಪ್ರಯೋಗ ಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಜಾಗದಲ್ಲಿ ಈ ವಾದ ತನ್ನ ಮಿತಿಯನ್ನು ಒಪ್ಪಿಕೊಳ್ಳಬೇಕು. ಫೋಟೋದಲ್ಲಿ ದೇಹ ಸಾಮಗ್ರಿಯಾಗಿರುತ್ತದೆ ಎಂಬ ಮಾತು ಜೀವಂತ ಪ್ರದರ್ಶನಕ್ಕೆ ಅಷ್ಟೇ ನಿಖರವಾಗಿ ಸಲ್ಲದು. 2005ರ ಸುಮಾರಿಗೆ ಆರಂಭವಾದ ಭಾರತಮಾತೆಯ ಸರಣಿಯನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1905ರಲ್ಲಿ ಅವನೀಂದ್ರನಾಥ ಠಾಕೂರರು ಬರೆದ ಕಾವಿಯುಟ್ಟ ನಾಲ್ಕು ಕೈಗಳ ತಪಸ್ವಿನಿಯಿಂದ ಕ್ಯಾಲೆಂಡರಿನ ಸಿಂಹವಾಹಿನಿಯವರೆಗೆ ಭಾರತಮಾತೆಗೆ ಹಲವು ರೂಪಗಳಿವೆ, ಮತ್ತು ಅವಳು ಯಾರೂ ಅಲ್ಲದಿರುವುದರಿಂದಲೇ ಎಲ್ಲರ ಹೆಸರಿನಲ್ಲಿ ಮಾತನಾಡಬಲ್ಲಳು. ಈ ಚಿತ್ರಗಳ ಮರುಸೃಷ್ಟಿ ಸ್ತಬ್ಧಚಿತ್ರದ ಕ್ರಮದಲ್ಲಿದೆ: ಜೀವಂತ ವ್ಯಕ್ತಿಗಳು ಪ್ರಸಿದ್ಧ ದೃಶ್ಯವೊಂದರ ಭಂಗಿಯಲ್ಲಿ ಅಲುಗಾಡದೆ ನಿಲ್ಲುವ, ದಸರಾ ಮೆರವಣಿಗೆಯಲ್ಲಿ ಕನ್ನಡಿಗರು ನೋಡಿ ಬಲ್ಲ ಕ್ರಮ. ಅಲ್ಲಿಯವರೆಗೆ ವಾದ ಗಟ್ಟಿಯಾಗಿಯೇ ಇದೆ. ಆದರೆ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದ ತಮ್ಮ ಮನೆಯ ಮುಂದೆ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದ ಬಳಿಕ, ಪುಷ್ಪಮಾಲಾ ಭಾರತಮಾತೆಯ ವೇಷದಲ್ಲಿಯೇ ಪ್ರೇಕ್ಷಕರ ಎದುರು ‘ಗೌರಿ ಲಂಕೇಶರ ಅರ್ಜೆಂಟ್ ಸಾರು’ ಮಾಡಿದ ಪ್ರದರ್ಶನದಲ್ಲಿ ಲೆಕ್ಕ ಬದಲಾಗುತ್ತದೆ. ಅದೇ ಊರಿನ ಹೆಂಗಸು, ಅದೇ ಊರಿನ ಇನ್ನೊಬ್ಬ ಹೆಂಗಸಿನ ಸಾರನ್ನು, ಕೊಲೆಯ ಬಿಸಿ ಆರುವ ಮೊದಲು ಕುದಿಸುತ್ತಿರುವಾಗ ಯಾರು ನಿಂತಿದ್ದಾರೆ ಎಂಬುದು ಕೃತಿಯ ಅರ್ಥದ ಭಾಗವೇ ಆಗುತ್ತದೆ. ಇಲ್ಲಿ ರೂಪದರ್ಶಿಯನ್ನು ಕರೆಸಲಾಗದು. ಹಾಗೆಂದು ಇದೂ ಆತ್ಮಕಥೆಯಲ್ಲ. ಒಂದು ಹೆಸರನ್ನು ಬಹಿರಂಗವಾಗಿ ಹೇಳುವ ಅಪಾಯವನ್ನು ಸ್ವತಃ ಹೊತ್ತುಕೊಂಡ ನಾಗರಿಕ ಕ್ರಿಯೆ. ಸಾಮಗ್ರಿ, ವಿಷಯ ಎಂಬ ಎರಡು ಮನೆಗಳ ಜೊತೆಗೆ ಜಾಮೀನು ಎಂಬ ಮೂರನೆಯ ಮನೆಯನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ಈ ಪ್ರದರ್ಶನ ಒತ್ತಾಯಿಸುತ್ತದೆ. ಬರ್ಡನ್, ಅಬ್ರಮೋವಿಚ್ ಅವರ ಕೆಲಸವೂ ಬಹುಶಃ ಈ ಮೂರನೆಯ ಮನೆಗೆ ಸೇರಿದ್ದು.

ಓದಿನ ಈ ಜಗಳಕ್ಕೆ ಬರೀ ಸಿದ್ಧಾಂತದ ಬೆಲೆಯಷ್ಟೇ ಇದ್ದಿದ್ದರೆ ಅದನ್ನು ಇಷ್ಟು ದೂರ ಎಳೆಯುವ ಅಗತ್ಯವಿರಲಿಲ್ಲ. ಆತ್ಮಕಥೆಯ ಓದು ಕೃತಿಯಲ್ಲಿ ಒಬ್ಬರನ್ನೇ ಕಾಣುತ್ತದೆ, ಆದ್ದರಿಂದ ಉಳಿದವರನ್ನು ಅಳಿಸುತ್ತದೆ. ‘ಫ್ಯಾಂಟಮ್ ಲೇಡಿ’ಯ ಕ್ಯಾಮೆರಾದ ಹಿಂದೆ ಇದ್ದವರು ಮೀನಲ್ ಅಗರ್‌ವಾಲ್; ‘ಸ್ಥಳೀಯ ಸ್ತ್ರೀಯರು’ ಯೋಜನೆಯಲ್ಲಿ ಕ್ಲೇರ್ ಆರ್ನಿ ಸಮಾನ ಪಾಲುದಾರರು, ಕೆಲವು ಚಿತ್ರಗಳಲ್ಲಿ ಸ್ವತಃ ವೇಷ ಹಾಕಿ ನಿಂತವರು ಕೂಡ. ‘ಬಾಂಬೆ ಫೋಟೋ ಸ್ಟುಡಿಯೋ’ (2000-03) ಸರಣಿಗಾಗಿ ಪುಷ್ಪಮಾಲಾ ಹೋದದ್ದು ಇಂಡಿಯಾ ಫೋಟೋ ಸ್ಟುಡಿಯೋದ ಜೆ.ಎಚ್. ಠಕ್ಕರ್ ಅವರ ಬಳಿಗೆ. ಹಿಂದಿ ಸಿನಿಮಾದ ತಾರೆಯರನ್ನು ದಶಕಗಳ ಕಾಲ ಬೆಳಕಿನಲ್ಲಿ ಕೆತ್ತಿದ್ದ ಹಿರಿಯ ಛಾಯಾಗ್ರಾಹಕ ಅವರು. ಆ ಚಿತ್ರಗಳಲ್ಲಿ ಕಣ್ಣಿನ ಹೊಳಪು ಎಲ್ಲಿ ಬೀಳಬೇಕು, ಕೆನ್ನೆಯ ನೆರಳು ಎಲ್ಲಿ ಕರಗಬೇಕು ಎಂಬುದನ್ನು ಬಲ್ಲ ಕೈ ಠಕ್ಕರ್ ಅವರದು, ಮತ್ತು ಆ ಕೈಚಳಕ ಇನ್ನೂ ಬದುಕಿರುವಾಗಲೇ ಅದನ್ನು ಕೆಲಸಕ್ಕೆ ಹಚ್ಚಿ ನೋಡುವುದೇ ಸರಣಿಯ ಒಂದು ಉದ್ದೇಶವೆಂದು ತೋರುತ್ತದೆ. ಅದನ್ನು ಕಲಾವಿದೆಯ ಭಾವಚಿತ್ರವೆಂದು ಕರೆದರೆ ಠಕ್ಕರ್ ಬರೀ ಗುಂಡಿ ಒತ್ತಿದವರಾಗುತ್ತಾರೆ. ಮುಂಬಯಿಯ ಸ್ಟುಡಿಯೋ ಬೆಳಕಿನ ಬಗೆಗೆ ಕಲಾವಿದೆಯೂ ಛಾಯಾಗ್ರಾಹಕರೂ ಕೂಡಿ ಮಾಡಿದ ಅಧ್ಯಯನವೆಂದು ಕರೆದರೆ, ವಸ್ತುಸಂಗ್ರಹಾಲಯದ ಚೀಟಿಯ ಮೇಲೆ ಕೊನೆಯ ಪಕ್ಷ ಎರಡು ಹೆಸರುಗಳನ್ನು ಒಂದೇ ಅಳತೆಯ ಅಕ್ಷರದಲ್ಲಿ ಮುದ್ರಿಸಬೇಕಾಗುತ್ತದೆ, ಪರದೆ ಬರೆದವರ ಮತ್ತು ಉಡುಗೆ ಹೊಲಿದವರ ಹೆಸರು ಎಲ್ಲಿ ಬರಬೇಕು ಎಂಬ ಪ್ರಶ್ನೆಯನ್ನೂ ಎತ್ತಿಕೊಳ್ಳಬೇಕಾಗುತ್ತದೆ.